‘ಹೇಗಿದೆ ಹೇಳಿ’ ಎಂದು ಕೇಳಿ ರಾತ್ರಿಯಿಡೀ ಕಾಯುವವರು

(ಗುರುತು ಸಿಗದಂತೆ ಊರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶ ಅವರಿಗೆ 27 ವರ್ಷ. ಮಧ್ಯ ಕರ್ನಾಟಕದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದು ಹವ್ಯಾಸ. ಆಪ್ತಸಲಹೆಗೆ ನನ್ನ ಬಳಿ ಕರೆದುಕೊಂಡು ಬಂದವರು ಅಕ್ಕ. ರಾತ್ರಿ ಎರಡರವರೆಗೆ ನಿದ್ದೆಯಿಲ್ಲ, ಆಫೀಸಿನಲ್ಲಿ ಅಂಕಿ ತಪ್ಪುತ್ತಿದೆ, ಮನೆಯಲ್ಲಿ ಮಾತಾಡಿಸಿದರೆ ಸಿಡುಕು. “ಕಿವಿಗೆ ಡಬ್ಬ ಹಾಕ್ಕೊಂಡು ಕೂತ್ರೆ ಊಟಕ್ಕೆ ಕರೆದ್ರೂ ಕೇಳಲ್ಲ ಮೇಡಂ. ಇದೊಂದು ಚಟ ಆಗಿದೆ ಅಂತಾರೆ ಅಮ್ಮ” ಎಂದರು ಅಕ್ಕ. ಶ ಅವರ ವಾದ ಬೇರೆ: “ನಂಗೆ ಪ್ರತಿಭೆ ಇಲ್ಲ ಅಂತ ಒಪ್ಕೊಂಡ್ಬಿಟ್ರೆ ನಿದ್ದೆ ಬರುತ್ತೆ ಅನ್ಸುತ್ತೆ ಮೇಡಂ.”

ಚಟವೋ, ಪ್ರತಿಭೆಯ ಕೊರತೆಯೋ ಎಂದು ತೀರ್ಮಾನಿಸುವ ಮೊದಲು ಒಂದು ವಾರದ ಲೆಕ್ಕ ಬರೆಸಲಾಯಿತು. ನೋಟುಬುಕ್ಕಿನಲ್ಲಿ ಮೂರು ಕಾಲಂ: ಗಂಟೆ, ಆಗ ಮಾಡುತ್ತಿದ್ದುದು, ಮನಸ್ಸಿನ ತಳಮಳ 0ಯಿಂದ 10ರವರೆಗೆ ಎಷ್ಟು. ಲೆಕ್ಕ ಬರೆಯುವವರಾದ್ದರಿಂದ ಅಚ್ಚುಕಟ್ಟಾಗಿ ಬರೆದು ತಂದರು. ಸಂಗೀತ ಮಾಡುವ ಹೊತ್ತಿನಲ್ಲಿ ತಳಮಳ 2 ಅಥವಾ 3. ಕಟ್ಟಿದ ಸಂಗೀತದ ಟ್ರ್ಯಾಕನ್ನು ಹವ್ಯಾಸಿಗಳ ಆನ್‌ಲೈನ್ ಗುಂಪಿಗೆ ಹಾಕಿದ ಮೇಲೆ 7, 8. ಅಲ್ಲಿಂದ ಮಲಗುವವರೆಗೆ ಅವರು ಮಾಡುತ್ತಿದ್ದುದು ಒಂದೇ ಕೆಲಸ: ಎಷ್ಟು ಜನ ಕೇಳಿದರು, ಯಾರಾದರೂ ಏನಾದರೂ ಬರೆದರೇ ಎಂದು ಮತ್ತೆ ಮತ್ತೆ ತೆರೆದು ನೋಡುವುದು.

ಇದಕ್ಕೊಂದು ಭೂಗೋಳದ ಕಾರಣವೂ ಇತ್ತು. ಗುಂಪಿನ ಹೆಚ್ಚಿನವರು ಜರ್ಮನಿ, ನೆದರ್‌ಲೆಂಡ್ಸ್ ಕಡೆಯವರು. ಅಲ್ಲಿ ಸಂಜೆ ಎಂಟಾದಾಗ ನಮ್ಮಲ್ಲಿ ಬೇಸಿಗೆಯಾದರೆ ರಾತ್ರಿ 11.30, ಚಳಿಗಾಲವಾದರೆ 12.30. ಶ ಟ್ರ್ಯಾಕ್ ಹಾಕುತ್ತಿದ್ದುದು ರಾತ್ರಿ ಹನ್ನೊಂದಕ್ಕೆ. ಉತ್ತರ ಬರುವ ಸಾಧ್ಯತೆ ಹೆಚ್ಚಿರುವ ಹೊತ್ತೂ ಅವರು ನಿದ್ದೆ ಮಾಡಬೇಕಾದ ಹೊತ್ತೂ ಒಂದೇ ಆಗಿತ್ತು. ಉತ್ತರ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಸಿಗುವ ಮೆಚ್ಚುಗೆ, ತಪ್ಪದೆ ಸಿಗುವುದಕ್ಕಿಂತ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಮೊದಲ ಸಲಹೆ ಆದ್ದರಿಂದ ತೀರಾ ಸಾದಾ. ರಾತ್ರಿ ಟ್ರ್ಯಾಕನ್ನು ಎಕ್ಸ್‌ಪೋರ್ಟ್ ಮಾಡಿ (ಕೇಳುವ ಫೈಲಾಗಿ ಉಳಿಸಿ), ಅದನ್ನು ಹಾಗೇ ಬಿಡಿ. ಶನಿವಾರ ಬೆಳಿಗ್ಗೆ ಇನ್ನೊಮ್ಮೆ ಕೇಳಿ, ಆಮೇಲೆ ಗುಂಪಿಗೆ ಹಾಕಿ. ಉತ್ತರಗಳನ್ನು ಭಾನುವಾರ ಸಂಜೆ ಆರಕ್ಕೆ ಒಂದೇ ಸಲ ಓದಿ. ಹಾಕುವ ಮುಂಚೆ “ಎಷ್ಟು ಉತ್ತರ ಬರಬಹುದು, ಎಷ್ಟು ಕೆಟ್ಟದಾಗಿರಬಹುದು” ಎಂದು ಬರೆದಿಟ್ಟುಕೊಂಡು, ಓದಿದ ಮೇಲೆ ಅದರ ಪಕ್ಕದಲ್ಲಿ ನಿಜವಾಗಿ ಬಂದದ್ದನ್ನು ಬರೆಯಿರಿ.

ಇದು ಮೂರನೇ ವಾರದಲ್ಲಿ ಮುರಿದುಬಿತ್ತು. ನೋಟಿಫಿಕೇಶನ್ ಆಫ್ ಮಾಡಿದ್ದರು, ಆದರೆ ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಹೊಸ ಸುದ್ದಿ ಇಲ್ಲ ಎಂದು ಖಚಿತಪಡಿಸಿಕೊಳ್ಳಲೇ ಪುಟ ತೆರೆಯತೊಡಗಿದರು. ಸದ್ದು ನಿಂತ ಮಾತ್ರಕ್ಕೆ ಕೈ ನಿಲ್ಲುವುದಿಲ್ಲ. ಫೋನಿನ ಚಾರ್ಜರನ್ನು ಹಜಾರಕ್ಕೆ ಸಾಗಿಸಿ, ಕೋಣೆಗೆ ಅಲಾರಂ ಗಡಿಯಾರ ತಂದ ಮೇಲೆ ನಿದ್ದೆ 12ರ ಆಸುಪಾಸಿಗೆ ಬಂತು. ಫೋನು ಬಚ್ಚಿಡುವ ಕೆಲಸವನ್ನು ಅಮ್ಮನಿಗೆ ಒಪ್ಪಿಸುವ ಯೋಚನೆ ಅಕ್ಕನಿಗಿತ್ತು. ಅದನ್ನು ತಡೆಯಲಾಯಿತು, ಅಮ್ಮ ಪೊಲೀಸಿನಂತೆ ಕಾವಲಿಗೆ ನಿಂತರೆ ಸಿಡುಕು ಇನ್ನಷ್ಟು ಹೆಚ್ಚುತ್ತದೆ.

ಕಿವಿಯ ವಿಚಾರ

ಎರಡನೇ ಭೇಟಿಯಲ್ಲಿ ಮಾತಿನ ನಡುವೆ ಬಂದ ಒಂದು ವಾಕ್ಯ: “ಮಲಗಿದಾಗ ಕಿವಿಯಲ್ಲಿ ಕುಂಯ್ ಅಂತಿರುತ್ತೆ.” ಇಲ್ಲಿ ಸಲಹೆಗಾರರು ಮನಸ್ಸಿನ ಮಾತಿಗೆ ಹೋಗುವ ಮುನ್ನ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಕಳಿಸಬೇಕು. ಜೋರು ಸದ್ದಿನ ನಂತರದ ಗುಂಯ್‌ಗುಡುವಿಕೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಶ್ರವಣ ಪರೀಕ್ಷೆ ಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು, ಅಂದೇ ಹೋಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯ ವ್ಯವಸ್ಥೆಯಿದೆ. ಶ ತಮ್ಮ ಜಿಲ್ಲಾ ಕೇಂದ್ರದಲ್ಲೇ ಮಾಡಿಸಿದರು. 4,000 ಹರ್ಟ್ಸ್ (ಸೆಕೆಂಡಿಗೆ 4,000 ಕಂಪನದ ಎತ್ತರದ ಸ್ವರ) ಹತ್ತಿರ ಎರಡೂ ಕಿವಿಯಲ್ಲಿ ಸಣ್ಣ ಇಳಿತ ಕಂಡಿತು. ಸದ್ದಿನಿಂದಾಗುವ ಹಾನಿ ಮೊದಲು ಕಾಣಿಸಿಕೊಳ್ಳುವುದು ಆ ಭಾಗದಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ರಾತ್ರಿ ನಾಲ್ಕು ಗಂಟೆ 89ರಷ್ಟು ಜೋರಾಗಿ ಕೇಳುವವರ ವಾರದ ಪಾಲು ಎರಡೇ ದಿನದಲ್ಲಿ ಮುಗಿದಿರುತ್ತದೆ. ಹೆಡ್‌ಫೋನ್ ಒಳಗಿನ ಸದ್ದನ್ನು ಫೋನಿನ ಆ್ಯಪ್‌ಗಳಿಂದ ನಂಬುವಂತೆ ಅಳೆಯಲಾಗದು. ಹಾಗಾಗಿ ಒಂದು ಒರಟು ಗುರುತು: ಹೆಡ್‌ಫೋನ್ ಹಾಕಿಕೊಂಡಿದ್ದಾಗಲೂ ಪಕ್ಕದಲ್ಲಿ ನಿಂತವರು ಮಾತಾಡುತ್ತಿದ್ದಾರೆಂದು ಗೊತ್ತಾಗಬೇಕು. 45 ನಿಮಿಷ ಕೆಲಸ, 10 ನಿಮಿಷ ಹೆಡ್‌ಫೋನ್ ಕೆಳಗೆ.

ದನಿ ತಗ್ಗಿಸುವುದು ಸಂಗೀತಕ್ಕೂ ಒಳ್ಳೆಯದೇ. ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಕಡಿಮೆ ತಟ್ಟುತ್ತವೆ. ಜೋರಾಗಿಟ್ಟರೆ ಬೇಸ್ ತಾನಾಗಿ ತುಂಬಿಕೊಂಡಂತೆ ಅನ್ನಿಸುತ್ತದೆ. ರಾತ್ರಿ ಜೋರಾಗಿ ಕೇಳಿ “ಅದ್ಭುತ” ಎಂದುಕೊಂಡದ್ದು ಬೆಳಿಗ್ಗೆ ಮೆಲ್ಲಗೆ ಕೇಳಿದಾಗ ಸಪ್ಪೆಯಾಗುವುದು ಇದರಿಂದ. ಶ ಇದನ್ನೇ “ರಾತ್ರಿ ನನ್ನನ್ನ ನಾನೇ ಮೋಸ ಮಾಡ್ಕೋತೀನಿ” ಎಂದು ಓದಿಕೊಂಡಿದ್ದರು. ಮೋಸವೇನಿಲ್ಲ, ಎಲ್ಲರ ಕಿವಿಯೂ ಹೀಗೇ.

ಎರಡು ತಿಂಗಳು ನುಂಗಿದ ಒಂದು ಸಾಲು

ನಿಜವಾದ ಗಂಟು ಇದ್ದದ್ದು ಇಲ್ಲಿ. ಗುಂಪಿನಲ್ಲಿ ಯಾರೋ ಒಬ್ಬರು “ಕೆಳಗಿನ ದನಿಗಳೆಲ್ಲ ಕಲಸಿಕೊಂಡಿವೆ, ಏನೂ ಕೇಳುತ್ತಿಲ್ಲ” ಎಂದು ಬರೆದಿದ್ದರು. ಅದಾದ ಮೇಲೆ ಎರಡು ತಿಂಗಳು ಶ ಹೊಸದೇನನ್ನೂ ಶುರು ಮಾಡದೆ ಅದೇ ಟ್ರ್ಯಾಕನ್ನು ತಿದ್ದುತ್ತ ಕೂತರು. ಹೊಸ ಪ್ಲಗಿನ್ (ಸಂಗೀತದ ತಂತ್ರಾಂಶಕ್ಕೆ ಸೇರಿಸುವ ಸಲಕರಣೆ) ಕೊಂಡರೆ ಸರಿಯಾದೀತೆಂದು ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳುತ್ತ ಹೋದರು. ಮನೆಯವರಿಗೆ ಗೊತ್ತಿಲ್ಲದ ಈ ಸಾಲವೂ ನಿದ್ದೆ ಕೆಡಿಸುತ್ತಿತ್ತು. ಅದನ್ನು ಅಕ್ಕನ ಮುಂದೆ ಬಾಯಿಬಿಟ್ಟ ದಿನವೇ ಅರ್ಧ ಭಾರ ಇಳಿಯಿತು.

ಟೀಕೆಯಲ್ಲಿ ಎರಡು ಭಾಗಗಳಿದ್ದವು. ಮಾತಿನ ಒರಟುತನ ಒಂದು, ಅದರೊಳಗಿನ ಮಾಹಿತಿ ಇನ್ನೊಂದು. ಬೇರೆ ಮಾಡಿ ನೋಡಿದರೆ ಮಾಹಿತಿ ಸರಿಯಾಗಿಯೇ ಇತ್ತು. ಶ ಆ ಟ್ರ್ಯಾಕಿನಲ್ಲಿ ಬಳಸಿದ್ದ ತಂಬೂರಿ ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯದು. ಮಧ್ಯಮ ಷಡ್ಜ ಸುಮಾರು 130.8 ಹರ್ಟ್ಸ್, ಮಂದ್ರ ಷಡ್ಜ 65.4. ಬೇಸ್ ಸಿಂತ್ (ಕೆಳಗಿನ ಸ್ವರಗಳ ಸಿಂಥಸೈಜರ್) ನುಡಿಸುತ್ತಿದ್ದುದೂ ಅದೇ 65.4. ಕಿಕ್ ಡ್ರಮ್ಮಿನ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮು) ಗುದ್ದು 55ರ ಹತ್ತಿರ. ಮೂರೂ ಒಂದೇ ಕಿರಿದಾದ ಜಾಗದಲ್ಲಿ ನಿಂತಿದ್ದವು. ಇದಕ್ಕೆ ಪ್ರತಿಭೆಯನ್ನು ದೂರುವಂತಿಲ್ಲ.

ಪರಿಹಾರಕ್ಕೆ ಹೊಸ ಪ್ಲಗಿನ್ ಬೇಕಿರಲಿಲ್ಲ. ತಂಬೂರಿಯ ಪದರಕ್ಕೆ ಮಾತ್ರ 120 ಹರ್ಟ್ಸ್‌ನಲ್ಲಿ ಹೈ-ಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ದನಿಯನ್ನು ತೆಗೆಯುವ ಜರಡಿ. “ಮಂದ್ರ ತಂತಿಯೇ ಹೋಗಿಬಿಡುತ್ತಲ್ಲ?” ಎಂಬ ಭಯ ಸಹಜ. ಹೋಗುವುದಿಲ್ಲ: ಜವಾರಿಯಿಂದ (ತಂತಿ ತಂಬೂರಿಯ ಕುದುರೆಗೆ ಸವರಿ ಬರುವ ಝೇಂಕಾರ) ಹುಟ್ಟುವ ಮೇಲಿನ ಸ್ವರಾಂಶಗಳು ಉಳಿದರೆ ಕೆಳಗಿನ ಷಡ್ಜವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಬೇಸನ್ನು ಮೋನೋ ಮಾಡಿ (ಎರಡೂ ಕಿವಿಗೆ ಒಂದೇ ದನಿ). ಕಿಕ್ ಬಡಿದಾಗ ಬೇಸ್ 3ರಿಂದ 6 ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ, ರಿಲೀಸ್ (ತಗ್ಗಿದ ದನಿ ಮತ್ತೆ ಏರಲು ಹಿಡಿಯುವ ಸಮಯ) 120 ಮಿಲಿಸೆಕೆಂಡ್ ಆಸುಪಾಸು. ರಿಲೀಸ್ ತೀರಾ ಉದ್ದವಾದರೆ ಬೇಸ್ ಮುಂದಿನ ಕಿಕ್ ಬರುವವರೆಗೂ ತಲೆಯೆತ್ತುವುದಿಲ್ಲ, ಇಡೀ ಟ್ರ್ಯಾಕ್ ಏದುಸಿರು ಬಿಟ್ಟಂತೆ ಕೇಳುತ್ತದೆ. ಕೊನೆಗೆ ಮೋನೋದಲ್ಲಿ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಅಲ್ಲಿ ಬೇಸಿನ ನಡೆ ಪೂರ್ತಿ ಮಾಯವಾದರೆ ಬೇಸಿಗೆ ಸ್ವಲ್ಪ ಸ್ಯಾಚುರೇಶನ್ (ದನಿಯನ್ನು ತುಸು ಒರಟು ಮಾಡುವ ಪರಿಣಾಮ) ಕೊಟ್ಟು ಮೇಲಿನ ಸ್ವರಾಂಶ ಹುಟ್ಟಿಸಬೇಕು. ಇಷ್ಟಕ್ಕೆಲ್ಲ ಉಚಿತ ಸಲಕರಣೆಗಳೇ ಸಾಕು: ಸಂಯೋಜನೆಗೆ ಎಲ್‌ಎಂಎಂಎಸ್, ಸಿಂತ್‌ಗೆ ಸರ್ಜ್ ಎಕ್ಸ್‌ಟಿ, ಕತ್ತರಿಸಲು ಅಡಾಸಿಟಿ. ಮೂರು ಟ್ರ್ಯಾಕ್ ಮುಗಿಸುವವರೆಗೆ ಏನನ್ನೂ ಕೊಳ್ಳಬಾರದು ಎಂಬ ಷರತ್ತನ್ನು ಶ ತಾವೇ ಹಾಕಿಕೊಂಡರು.

ಬೇರೆಯವರ ಟ್ರ್ಯಾಕುಗಳಷ್ಟು ಜೋರಾಗಿ ಕೇಳಿಸಲೆಂದು ಲಿಮಿಟರ್ (ಶಿಖರಗಳನ್ನು ತಡೆದು ಒಟ್ಟು ಸದ್ದು ಏರಿಸುವ ಸಲಕರಣೆ) ಒತ್ತಿ ಮೈನಸ್ 7 ಎಲ್‌ಯುಎಫ್‌ಎಸ್‌ವರೆಗೆ ತಂದಿದ್ದರು; ಇದು ಟ್ರ್ಯಾಕಿನ ಒಟ್ಟು ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈ, ಯೂಟ್ಯೂಬ್‌ಗಳು ಅಷ್ಟು ಜೋರಿನದನ್ನು ಸುಮಾರು ಮೈನಸ್ 14ಕ್ಕೆ ಇಳಿಸಿಬಿಡುತ್ತವೆ. ಜೋರು ಹೋಗುತ್ತದೆ, ಜಜ್ಜಿದ ಕಿಕ್ ಮಾತ್ರ ಉಳಿಯುತ್ತದೆ. ಶಿಖರ ಮಟ್ಟವನ್ನು ಮೈನಸ್ 1 ಡೆಸಿಬೆಲ್‌ಗೆ ನಿಲ್ಲಿಸುವುದು ಒಳಿತು. ಎಂಪಿ3 ಮಾಡುವಾಗ ಶಿಖರಗಳು ತುಸು ಏರುತ್ತವೆ, ಜಾಗವಿಲ್ಲದಿದ್ದರೆ ಒಡೆದ ಸದ್ದು ಬರುತ್ತದೆ.

ಕೇಳುವ ರೀತಿ

“ಹೇಗಿದೆ ಹೇಳಿ” ಎಂದರೆ ಬರುವ ಉತ್ತರ “ಚೆನ್ನಾಗಿದೆ” ಅಥವಾ ಮೌನ. ಎರಡರಿಂದಲೂ ಮಾಡಲು ಏನೂ ಸಿಗುವುದಿಲ್ಲ, ಮನಸ್ಸು ಆ ಖಾಲಿಯನ್ನು ಕೆಟ್ಟ ಊಹೆಗಳಿಂದ ತುಂಬಿಸಿಕೊಳ್ಳುತ್ತದೆ. ಶ ಅವರಿಗೆ ಬರೆಸಿದ ಮಾದರಿ ಇದು: “1:36ರಿಂದ 1:52ರವರೆಗೆ ಕಿಕ್, ಬೇಸ್ ಬೇರೆ ಬೇರೆ ಕೇಳುತ್ತವೆಯೇ? ನೀವು ಕೇಳಿದ್ದು ಹೆಡ್‌ಫೋನಿನಲ್ಲೋ ಸ್ಪೀಕರಿನಲ್ಲೋ? ತಂಬೂರಿಯನ್ನು 120ರಲ್ಲಿ ಕತ್ತರಿಸಿದ್ದೇನೆ, ಇನ್ನೂ ಕಲಸಿಕೊಂಡಿದೆಯೇ?” ಜಾಗ, ಪ್ರಶ್ನೆ, ಈಗಾಗಲೇ ಮಾಡಿ ನೋಡಿದ್ದು. ಹದಿನಾರು ಸೆಕೆಂಡ್ ಕೇಳಿ ಉತ್ತರಿಸಲು ಅಪರಿಚಿತರೂ ಒಪ್ಪುತ್ತಾರೆ, ಆರು ನಿಮಿಷ ಕೇಳಲು ಒಪ್ಪುವವರು ಕಡಿಮೆ. ತಮ್ಮದನ್ನು ಹಾಕುವ ಮುಂಚೆ ಬೇರೆ ಇಬ್ಬರ ಟ್ರ್ಯಾಕಿಗೆ ಇದೇ ರೀತಿ ಸಮಯ ಗುರುತು ಹಾಕಿ ಬರೆಯಬೇಕು ಎಂಬುದೂ ಸೇರಿತು. ಅದು ಮುಯ್ಯಿ ಲೆಕ್ಕ ಅಂದರೂ ಸರಿಯೇ.

ಬಂದ ಉತ್ತರಗಳನ್ನು ಜರಡಿ ಹಿಡಿಯುವುದು ಹೀಗೆ. ಮೂವರು ಒಂದೇ ಜಾಗದ ಬಗ್ಗೆ ಹೇಳಿದರೆ ಅಲ್ಲಿ ಏನೋ ಇದೆ, ತಿದ್ದಿ. ಒಬ್ಬರೇ ಹೇಳಿದ್ದನ್ನು ಒಂದು ವಾರ ನೋಟುಬುಕ್ಕಿನಲ್ಲಿ ಬಿಡಿ. ಕೇಳುಗರು ತೊಡಕಿನ ಜಾಗವನ್ನು ಸಾಮಾನ್ಯವಾಗಿ ಸರಿಯಾಗಿಯೇ ತೋರಿಸುತ್ತಾರೆ, ಅವರು ಹೇಳುವ ಪರಿಹಾರವನ್ನು ಮಾತ್ರ ಹಾಗೇ ಒಪ್ಪಬೇಕಿಲ್ಲ.

ಮುಗಿಸುವುದು ಶ ಅವರ ಇನ್ನೊಂದು ಕಷ್ಟ. ಹಾರ್ಡ್‌ಡಿಸ್ಕಿನಲ್ಲಿ ಎಂಟು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು) ತುಣುಕುಗಳು ರಾಶಿ ಬಿದ್ದಿದ್ದವು. ನಿಮಿಷಕ್ಕೆ 120 ಬಡಿತದ ನಾಲ್ಕೆಣಿಕೆಯಲ್ಲಿ ಒಂದು ಬಾರ್ 2 ಸೆಕೆಂಡ್, ಎಂಟು ಬಾರ್ 16. ಆ ತುಣುಕನ್ನು 96 ಬಾರ್‌ಗಳಿಗೆ ಪೂರ್ತಿ ಹಾಸಿದರೆ 3 ನಿಮಿಷ 12 ಸೆಕೆಂಡ್. ಆಮೇಲೆ ಹೊಸದೇನನ್ನೂ ಸೇರಿಸದೆ, ಎಲ್ಲಿ ಯಾವುದು ಬೇಡವೋ ಅಳಿಸುತ್ತ ಹೋಗುವುದು. ಮುಗಿದ ಮೇಲೆ ಎಲ್ಲವನ್ನೂ ಆಡಿಯೋ ಆಗಿ ಬೌನ್ಸ್ ಮಾಡಿ (ತಿದ್ದಲಾಗದ ಬರೀ ದನಿಯ ಫೈಲಾಗಿಸಿ), ಮೂಲ ಪ್ರಾಜೆಕ್ಟನ್ನು ಬೇರೆ ಫೋಲ್ಡರಿಗೆ ಸಾಗಿಸುವುದು. ಸಿಂತಿನ ಗುಂಡಿಗಳು ಕೈಗೆಟುಕುವಷ್ಟು ದಿನ ತಿದ್ದುವುದು ನಿಲ್ಲುವುದಿಲ್ಲ.

ಒಂದು ಅಡ್ಡಮಾತು: ಹಳೆಯ ಚಿತ್ರಗೀತೆಯ ನಾಲ್ಕು ಸೆಕೆಂಡ್ ಬಳಸಿದ್ದ ಟ್ರ್ಯಾಕೊಂದರ ಸದ್ದನ್ನು ಅದನ್ನು ಹಾಕಿದ್ದ ಆನ್‌ಲೈನ್ ವೇದಿಕೆ ಅಳಿಸಿತ್ತು. “ಕಳ್ಳ ಅನ್ನಿಸ್ಕೊಂಡೆ” ಎಂದು ಕೊರಗುತ್ತಿದ್ದರು. ಇಷ್ಟು ಸೆಕೆಂಡಿನೊಳಗೆ ಬಳಸಿದರೆ ತಪ್ಪಿಲ್ಲ ಎಂಬ ನಿಯಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಇದೆಯೆಂದು ನಂಬಿದವರು ಬಹಳ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ತಿಳಿಯದೆ ಆದದ್ದು, ತೆಗೆದು ಹಾಕಿದರಾಯಿತು. ಬದಲಿಗೆ ಮನೆಯ ಒರಳು, ಸೇರು, ಗೇಟಿನ ಚಿಲಕದ ಸದ್ದುಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದು.

ಮನೆಯವರೊಂದಿಗಿನ ಒಪ್ಪಂದ ಚಿಕ್ಕದು. ವಾರಕ್ಕೆ ಮೂರು ರಾತ್ರಿ, 8.30ರಿಂದ 10.30. ಊಟ ಅದಕ್ಕೆ ಮುಂಚೆ, ಎಲ್ಲರ ಜೊತೆ. ಆ ಎರಡು ಗಂಟೆ ಯಾರೂ ಕರೆಯುವುದಿಲ್ಲ. “ಇದ್ರಿಂದ ಏನು ಬರುತ್ತೆ?” ಎಂಬ ಅಮ್ಮನ ಪ್ರಶ್ನೆಗೆ ಶ ಅವರಿಂದ ಉತ್ತರ ಹೇಳಿಸುವ ಪ್ರಯತ್ನ ಮಾಡಲಿಲ್ಲ. ಹವ್ಯಾಸಕ್ಕೆ ಆದಾಯದ ಸಮರ್ಥನೆ ಕೊಡಲು ಹೊರಟರೆ ಮತ್ತೆ ಸಂಖ್ಯೆಗಳ ಕಡೆಗೇ ಓಟ.

ಇಂಥ ಪ್ರಕರಣಗಳನ್ನು ನೋಡುವವರು ಒಂದನ್ನು ತಪ್ಪದೆ ಕೇಳಬೇಕು: ಸಂಗೀತ ಮಾಡುವಾಗಲೂ ಖುಷಿ ಹೋಗಿದೆಯೇ? ಶ ಅವರಿಗೆ ಹೋಗಿರಲಿಲ್ಲ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ಸೇರುವುದಿಲ್ಲ, ಬದುಕು ಬೇಡ ಎನ್ನಿಸುತ್ತಿದೆ ಎಂದರೆ ಬೇಸ್, ಕಿಕ್‌ಗಳ ಮಾತು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸಬೇಕು. ಟೆಲಿ ಮಾನಸ್‌ನ 14416 ಸಂಖ್ಯೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನು, ಇಂಟರ್‌ನೆಟ್ ಬಳಕೆಯೇ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಆರನೇ ಭೇಟಿಯ ಹೊತ್ತಿಗೆ ಎರಡು ಟ್ರ್ಯಾಕ್ ಮುಗಿದಿದ್ದವು, ಮೂರನೆಯದು ಬಾಕಿ. ಹಾಕಿದ ದಿನದ ತಳಮಳ 4ಕ್ಕೆ ಇಳಿದಿದೆ. ಭಾನುವಾರ ಆರಕ್ಕೆ ಮುಂಚೆ ಒಮ್ಮೊಮ್ಮೆ ಇಣುಕುತ್ತಾರೆ, ಅದನ್ನೂ ಬರೆದು ತರುತ್ತಾರೆ. ಕಿವಿಯ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆರು ತಿಂಗಳಿಗೆ ಮತ್ತೊಂದು ಶ್ರವಣ ಪರೀಕ್ಷೆ ಗೊತ್ತಾಗಿದೆ. ಪುಣೆಯ ಹವ್ಯಾಸಿಯೊಬ್ಬರು ಜೊತೆಯಾಗಿ ಮಾಡೋಣ ಎಂದಿದ್ದಾರಂತೆ. ಯಾರ ಹೆಸರು ಹೇಗೆ ಬರಬೇಕು, ಯಾರು ಎಲ್ಲಿ ಪ್ರಕಟಿಸಬಹುದು ಎಂಬುದನ್ನು ಶುರುವಿಗೇ ಬರೆದುಕೊಳ್ಳಲು, ಫೈಲುಗಳನ್ನು ಮೊದಲ ಬಾರ್‌ನಿಂದಲೇ ಒಂದೇ ಉದ್ದಕ್ಕೆ, 24 ಬಿಟ್ ವೇವ್ (ದನಿಯನ್ನು ಕುಗ್ಗಿಸದ ಫೈಲು) ರೂಪದಲ್ಲಿ, ಹೆಸರಿನಲ್ಲೇ ಬಡಿತದ ವೇಗ, ಶ್ರುತಿ ನಮೂದಿಸಿ ಕಳಿಸಲು ಹೇಳಿದೆ.