ನಮ್ಮಂಥವರಿಗೂ ಒಂದು ಲವ್ ಸ್ಟೋರಿ ಇದೆಯಾ?

ಓದುಗರ ಸಿನಿಮಾ ಪ್ರಶ್ನೆಗಳು

ಪ್ರಶ್ನೆ: ಚಿಕ್ಕಂದಿನಲ್ಲೇ ಪೋಲಿಯೋ ಆಗಿ ನನ್ನ ಎಡಗಾಲಿಗೆ ಶಕ್ತಿಯಿಲ್ಲ, ಕಾಲಿಗೆ ಆಧಾರವಾಗಿ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಬರುವ ಮಾಘದಲ್ಲಿ ಮದುವೆ. ಹುಡುಗನಿಗೂ ನನಗೂ ಸಿನಿಮಾ ಹುಚ್ಚು. ಆದರೆ ನನ್ನಂಥವರು ತೆರೆ ಮೇಲೆ ಬಂದರೆ ಒಂದೋ ಅಳಿಸುತ್ತಾರೆ, ಇಲ್ಲಾ ಕೊನೆಗೆ ಸಾಯುತ್ತಾರೆ. ಇಬ್ಬರೂ ಕೂತು ನಗುತ್ತಾ ನೋಡುವಂಥ ಲವ್ ಸ್ಟೋರಿ ಇದೆಯಾ?
— ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಮದುವೆಯ ಶುಭಾಶಯ ತಂಗಿ. ನಿಮ್ಮ ಬೇಜಾರು ನ್ಯಾಯವಾದದ್ದೇ. ಕಣ್ಣು ಕಾಣದವರು, ಕಾಲು ಸರಿ ಇಲ್ಲದವರು ನಮ್ಮ ಸಿನಿಮಾದಲ್ಲಿ ಬಹಳ ಕಾಲ ನಾಯಕನ ತಂಗಿಯಾಗಿಯೋ ದೇವಸ್ಥಾನದ ಮೆಟ್ಟಿಲ ಮೇಲೆ ಹಾಡುವವರಾಗಿಯೋ ಬಂದರು. ಅವರಿಗೂ ಪ್ರೀತಿ ಆಗುತ್ತೆ, ಜಗಳ ಆಗುತ್ತೆ, ಮೆಸೇಜ್ ಬರಲಿಲ್ಲ ಅಂತ ನಿದ್ದೆ ಕೆಡುತ್ತೆ ಅನ್ನೋದು ಕಥೆ ಬರೆಯುವವರಿಗೆ ಹೊಳೆಯಲೇ ಇಲ್ಲ.

ಆದರೂ ಇವೆ. ಮೊದಲು 2007ರ ತಮಿಳಿನ ‘ಮೊಳಿ’ ನೋಡಿ. ರಾಧಾಮೋಹನ್ ನಿರ್ದೇಶನ, ನಮ್ಮ ಪ್ರಕಾಶ್ ರೈ ನಿರ್ಮಾಣ, ಅವರದೂ ಒಂದು ದೊಡ್ಡ ಪಾತ್ರ. ಪೃಥ್ವಿರಾಜ್ ಸಿನಿಮಾ ಹಾಡುಗಳಿಗೆ ಕೀಬೋರ್ಡ್ ನುಡಿಸುವವನು. ಮನಸ್ಸಿಗೆ ಒಪ್ಪುವ ಹುಡುಗಿ ಸಿಕ್ಕರೆ ತಲೆ ಮೇಲೆ ಬಲ್ಬ್ ಹತ್ತುತ್ತದೆ, ಗಂಟೆ ಹೊಡೆಯುತ್ತದೆ ಅಂತ ನಂಬಿಕೊಂಡವನು. ಆ ಗಂಟೆ ಹೊಡೆಯುವುದು ಕಿವಿ ಕೇಳದ, ಮಾತು ಬಾರದ ಅರ್ಚನಾಳನ್ನು ಕಂಡಾಗ. ಜ್ಯೋತಿಕಾ ಆ ಪಾತ್ರಕ್ಕೆ ಕೊಟ್ಟ ಸಿಟ್ಟು, ಹಟ, ತುಂಟತನ ನನಗೆ ತುಂಬಾ ಇಷ್ಟ. ಯಾರ ಅಯ್ಯೋ ಪಾಪವನ್ನೂ ಅವಳು ಹತ್ತಿರ ಬಿಟ್ಟುಕೊಳ್ಳಲ್ಲ. ಮದುವೆ ಬೇಡ ಅನ್ನುವುದಕ್ಕೆ ಅವಳಿಗೆ ಅವಳದೇ ಕಾರಣ ಇದೆ, ಮತ್ತೆ ಕಥೆ ಆ ಭಯವನ್ನು ಸುಮ್ನೆ ಒಂದು ಹಾಡಿನಲ್ಲಿ ಮುಗಿಸದೆ ಕೂತು ಮಾತಾಡುತ್ತದೆ. ಕೊನೆಗೆ ಅವಳಿಗೆ ಪವಾಡದ ಹಾಗೆ ಕಿವಿ ಕೇಳಿಬಿಡುವುದೂ ಇಲ್ಲ. ನೀವಿಬ್ಬರೂ ಅಗತ್ಯ ನೋಡಬೇಕಾದ್ದು ಇದು.

ವೀಲ್‌ಚೇರಿನದು ಬೇಕಿದ್ದರೆ 2018ರ ಫ್ರೆಂಚ್ ಸಿನಿಮಾ ‘ತೂ ಲ ಮೋಂದ್ ದೆಬೂ’ ಇದೆ, ‘ಎಲ್ಲರೂ ಎದ್ದು ನಿಲ್ಲಿ’ ಅನ್ನುವ ಅರ್ಥ. ನಡೆದಾಡಬಲ್ಲ ಗಂಡಸು ತನಗೆ ನಡೆಯಲು ಆಗಲ್ಲ ಅಂತ ಸುಳ್ಳು ಹೇಳಿ, ನಿಜಕ್ಕೂ ವೀಲ್‌ಚೇರಿನಲ್ಲಿರುವ ಹೆಂಗಸನ್ನು ಪ್ರೀತಿಸಿ ಸಿಕ್ಕಿಹಾಕಿಕೊಳ್ಳುತ್ತಾನೆ. ಪೇಚಿಗೆ ಸಿಗುವವನು ಅವನು, ಅವಳಲ್ಲ. ಅವಳು ಪಿಟೀಲು ನುಡಿಸುತ್ತಾಳೆ, ಟೆನಿಸ್ ಆಡುತ್ತಾಳೆ, ಆರಾಮಾಗಿದ್ದಾಳೆ.

ಹಿಂದಿಯ ‘ಬರ್ಫಿ’ (2012) ನೀವು ನೋಡಿರುತ್ತೀರಿ. ಅದರ ದೀಪದ ಕಂಬದ ದೃಶ್ಯ ಇನ್ನೊಮ್ಮೆ ನೋಡಿ. ಕಂಬ ಬೀಳುವಾಗ ಪಕ್ಕದಲ್ಲಿದ್ದವರು ಕೈ ಬಿಟ್ಟು ಓಡುತ್ತಾರೋ ಇಲ್ಲವೋ ಅಂತ ಕಿವಿ ಕೇಳದ, ಮಾತು ಬಾರದ ನಾಯಕ ಬರ್ಫಿ ಪರೀಕ್ಷೆ ಮಾಡುತ್ತಾನೆ. ಓಡದೆ ನಿಲ್ಲುವವಳು ಆಟಿಸಂ ಇರುವ ಝಿಲ್ಮಿಲ್. ಕನ್ನಡದಲ್ಲಿ ಹತ್ತಿರ ಬರುವುದು ಯೋಗರಾಜ ಭಟ್ಟರ ‘ಮನಸಾರೆ’ (2009). ನಾಯಕ ತಪ್ಪಾಗಿ ಮಾನಸಿಕ ಆಸ್ಪತ್ರೆ ಸೇರಿ ಅಲ್ಲೇ ಇದ್ದ ಹುಡುಗಿಯನ್ನು ಪ್ರೀತಿಸುತ್ತಾನೆ. ಒಳ್ಳೆಯ ಸಿನಿಮಾ. ಆದರೆ ಕ್ಯಾಲಿಪರ್ ಹಾಕಿದ ಹುಡುಗಿ ಶಿರಸಿ ಪೇಟೆಯಲ್ಲಿ ಪ್ರೀತಿಗೆ ಬೀಳುವ ಕಥೆ ಇನ್ನೂ ಯಾರೋ ಬರೆಯಬೇಕು. ನೀವೇ ಯಾಕೆ ಬರೆಯಬಾರದು?

ಪ್ರಶ್ನೆ: ಅಂಗವಿಕಲರು ಇರುವ ಕಾಮಿಡಿ ನೋಡಿ ನಗುವುದು ತಪ್ಪಾ? ನಗು ಬಂದರೂ ತಡೆದುಕೊಳ್ಳುತ್ತೇನೆ.
— ಓದುಗರೊಬ್ಬರು, ಕುಮಟಾ

ಉತ್ತರ: ತಡೆದುಕೊಳ್ಳಬೇಡಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾ ಕುರಿತ ಅರ್ಜಿಯಲ್ಲಿ ಇದನ್ನೇ ಬಿಡಿಸಿ ಹೇಳಿತು. ವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಆ ವ್ಯಕ್ತಿಯನ್ನು ಕೀಳು ಮಾಡುವ ಹಾಸ್ಯ ಬೇರೆ. ಯಕ್ಷಗಾನದಲ್ಲಿ ತೊದಲು ಮಾತಾಡಿ ನಗಿಸಿದಾಗ ನಾವೆಲ್ಲ ನಕ್ಕಿದ್ದೇವೆ. ಅಲ್ಲೇ ಚಾಪೆ ಮೇಲೆ ಕೂತ ತೊದಲು ಇರುವ ಹುಡುಗನ ಮುಖ ನಾವು ನೋಡಿರಲಿಲ್ಲ, ಅಲ್ವಾ?

ಇನ್ನೊಂದು ಥರದ ನಗು ಹೇಗಿರುತ್ತೆ ಅಂತ ಹೇಳ್ತೇನೆ. ನನ್ನ ಚಿಕ್ಕಮ್ಮನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹೋದ ಜೂನ್‌ನಲ್ಲಿ ಅಂಕೋಲೆಯ ಅವರ ಮನೆಯ ಜಗಲಿಯಲ್ಲಿ ಕೂತಿದ್ದೆವು. ತನ್ನನ್ನು ನೋಡಲು ಬಂದ ಹುಡುಗನ ಕಥೆಯನ್ನು ಅವಳು ಕೈಯಲ್ಲಿ ಹೇಳುತ್ತಿದ್ದಳು. ಅವನು ಪಾಪ ನಾಲ್ಕು ದಿನ ಯೂಟ್ಯೂಬ್ ನೋಡಿ ಸಂಜ್ಞೆ ಭಾಷೆ ಕಲಿತು ಬಂದಿದ್ದನಂತೆ, ಹೆಸರು ಕೇಳಲು ಹೋಗಿ ಬೇರೇನೋ ಕೇಳಿಬಿಟ್ಟನಂತೆ. ಏನು ಕೇಳಿದ ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು. ಕತ್ತಲಲ್ಲಿ ಅವಳ ಕೈ ಕಾಣಲ್ಲ. ಹೊರಗೆ ಮಳೆ ಹೊಡೆಯುತ್ತಿದೆ, ಕಥೆ ಅರ್ಧಕ್ಕೆ ನಿಂತಿದೆ. ಅವಳು ಮೊಬೈಲಿನ ಟಾರ್ಚ್ ಹಚ್ಚಿ ಚಿಕ್ಕಮ್ಮನ ಕೈಗೆ ಕೊಟ್ಟು, ತನ್ನ ಎರಡು ಕೈಗಳ ಮೇಲೆ ಬೆಳಕು ಬೀಳುವ ಹಾಗೆ ಹಿಡಿಸಿ, ‘ನಿಮ್ಮ ಮನೆಯಲ್ಲಿ ಎಮ್ಮೆ ಎಷ್ಟು?’ ಅಂತ ಮುಗಿಸಿದಳು. ಚಿಕ್ಕಮ್ಮ ನಕ್ಕು ನಕ್ಕು ಟಾರ್ಚ್ ಅಲ್ಲಾಡಿ ಗೋಡೆ ತುಂಬಾ ಕೈಗಳ ನೆರಳು. ಕಿವಿ ಕೇಳದ್ದರಿಂದಲೇ ಹುಟ್ಟಿದ ನಗು ಅದು, ಆದರೆ ಅದರ ಯಜಮಾನಿ ಅವಳು. ಇಂಥ ದೃಶ್ಯ ಸಿನಿಮಾದಲ್ಲಿ ಬಂದರೆ ಹೊಟ್ಟೆ ತುಂಬಾ ನಗಿ.

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ, ಆದರೆ ಲವ್ ಕಾಮಿಡಿ ಅಂದರೆ ಪ್ರಾಣ. ಎಲ್ಲರೂ ನಕ್ಕ ಮೇಲೆ ‘ಏನಾಯ್ತು, ಏನಾಯ್ತು’ ಅಂತ ಕೇಳುತ್ತಾನೆ. ಏನು ಮಾಡಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ಆಡಿಯೋ ಡಿಸ್ಕ್ರಿಪ್ಷನ್ ಅಂತ ಒಂದಿದೆ. ಮಾತಿಲ್ಲದ ಜಾಗದಲ್ಲಿ ಯಾರು ಏನು ಮಾಡಿದರು ಅಂತ ಒಂದು ದನಿ ಹೇಳುತ್ತಾ ಹೋಗುತ್ತದೆ. ಒಟಿಟಿಯಲ್ಲಿ ಭಾಷೆ ಆರಿಸುವ ಜಾಗದಲ್ಲೇ ಹುಡುಕಿ, ಕೆಲವು ಸಿನಿಮಾಗಳಿಗೆ ಸಿಗುತ್ತದೆ. ಥಿಯೇಟರುಗಳಲ್ಲೂ ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಇಂಥ ಅನುಕೂಲ ಇರಬೇಕು ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ. ನಿಮ್ಮೂರಿನ ಥಿಯೇಟರಿನಲ್ಲಿ ಕೇಳಿ. ಕೇಳುವವರು ಜಾಸ್ತಿಯಾದಷ್ಟೂ ಒಳ್ಳೆಯದು.

ಅದು ಸಿಗದಿದ್ದರೆ ನೀವೇ ಪಕ್ಕದಲ್ಲಿ ಕೂತು ಹೇಳಿ, ನಗು ಬರುವುದಕ್ಕಿಂತ ಒಂದು ಕ್ಷಣ ಮೊದಲು. ಚಾಪ್ಲಿನ್‌ನ ‘ಸಿಟಿ ಲೈಟ್ಸ್’ನಿಂದ (1931) ಶುರು ಮಾಡಬಹುದು, ಅದರಲ್ಲಿ ಮಾತೇ ಇಲ್ಲದ್ದರಿಂದ ಯಾರ ಮಾತಿಗೂ ಅಡ್ಡ ಬರಲ್ಲ. ಹೂ ಮಾರುವ ಹುಡುಗಿಗೆ ಕಣ್ಣು ಕಾಣದು, ಅಲೆಮಾರಿಯನ್ನು ಶ್ರೀಮಂತ ಅಂದುಕೊಂಡಿದ್ದಾಳೆ. ಕೊನೆಗೆ ಅವಳಿಗೆ ಕಣ್ಣು ಬರುವುದು ನನಗೆ ಅಷ್ಟು ಹಿಡಿಸಲ್ಲ. ಆದರೆ ಕಣ್ಣು ಬಂದ ಮೇಲೂ ಅವಳು ಅವನನ್ನು ಗುರುತಿಸುವುದು ಕೈ ಮುಟ್ಟಿದಾಗಲೇ. ಆ ಜಾಗ ಬಂದಾಗ ಏನೂ ಹೇಳಬೇಡಿ. ತಮ್ಮನ ಕೈ ಹಿಡಿಯಿರಿ, ಅವನಿಗೆ ಗೊತ್ತಾಗುತ್ತದೆ.