ಕೀಮೋ ನಡುವೆ ಮಗುವಿಗೆ ಜ್ವರ ಬಂದರೆ

ಪ್ರಶ್ನೆ: ಆರು ವರ್ಷದ ಮಗನಿಗೆ ರಕ್ತ ಕ್ಯಾನ್ಸರ್. ಬೆಂಗಳೂರಿನಲ್ಲಿ ಕೀಮೋ ಕೊಡಿಸಿ ಊರಿಗೆ ಕರೆತರುತ್ತೇವೆ. ಮನೆಯಲ್ಲಿ ಜ್ವರ ಬಂದರೆ ಏನು ಮಾಡಬೇಕು? ದೊಡ್ಡ ಮಗಳಂತೂ ಈಚೆಗೆ ಮಾತೇ ಆಡುತ್ತಿಲ್ಲ.
– ಓದುಗರು, ಮಂಡ್ಯ

ಉತ್ತರ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕೀಮೋ ಆದ ಒಂದೆರಡು ವಾರದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ; ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲೇ ಇಡಿ, ಗುದದಲ್ಲಿ ಬೇಡ. ವೈದ್ಯರನ್ನು ಕೇಳದೆ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಐಬುಪ್ರೊಫೇನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವದ ಭಯವಿದೆ. ಜ್ವರವಿಲ್ಲದಿದ್ದರೂ ಮಗು ನಡುಗುತ್ತಿದ್ದರೆ, ಮಂಕಾಗಿದ್ದರೆ ಹೊರಡಿ.

ಎಲ್ಲಿಗೆ? ಮಂಡ್ಯ, ಮೈಸೂರಿನಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ನಿಮ್ಮ ವೈದ್ಯರಲ್ಲಿ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಕೊನೆಯ ರಕ್ತಪರೀಕ್ಷೆ ವರದಿ, ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಅಲ್ಲಿ ಸಾಲಿನಲ್ಲಿ ನಿಲ್ಲದೆ, ‘ಕೀಮೋ ಆಗಿರೋ ಮಗು, ಜ್ವರ ಬಂದಿದೆ’ ಎಂದು ಮೊದಲೇ ಹೇಳಿ. ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು.

ಮಗಳ ಮೌನವನ್ನು ಹಗುರವಾಗಿ ಎಣಿಸಬೇಡಿ. ತಾನು ಜಗಳವಾಡಿದ್ದಕ್ಕೇ ತಮ್ಮನಿಗೆ ಹೀಗಾಯಿತು ಎಂದು ಮಕ್ಕಳು ಒಳಗೊಳಗೇ ನಂಬುತ್ತಾರೆ. ಕಾಯಿಲೆಯ ಹೆಸರು ಹೇಳಿಯೇ, ‘ಇದು ನಿನ್ನಿಂದ ಬಂದಿದ್ದಲ್ಲ, ನಿನಗೆ ಅಂಟೋದೂ ಇಲ್ಲ’ ಎಂದು ತಿಳಿಸಿ. ಅವಳ ಟೀಚರಿಗೂ ವಿಷಯ ಹೇಳಿ. ತಮ್ಮನಿಗೆ ಸೀತಾಳೆ ಸಿಡುಬು ತುಂಬ ಅಪಾಯ; ತರಗತಿಯಲ್ಲಿ ಯಾರಿಗಾದರೂ ಅದು ಎದ್ದರೆ ನಿಮಗೆ ಅಂದೇ ಗೊತ್ತಾಗಬೇಕು, ನೀವು ಅಂದೇ ಆಸ್ಪತ್ರೆಗೆ ತಿಳಿಸಬೇಕು.