ಸಂಪಾದಕರ ಉತ್ತರ: ತೊಟ್ಟಿಯಲ್ಲಿ ಬಿದ್ದ ಮಗು

"ಕಳೆದ ಸಂಚಿಕೆಯಲ್ಲಿ ನೀವು ಹಾಕಿದ, ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವ್ಯಂಗ್ಯಚಿತ್ರಕಾರ ದೋಮಿಯೇ ಬರೆದ ಚಿತ್ರ ನೋಡಿ ಬೇಜಾರಾಯಿತು. ಬರೆಯುವ ಹೆಂಗಸನ್ನು ಆಡಿಕೊಳ್ಳುವುದೂ ಒಂದು ಕಲೆಯೇ? ಅಂದ ಹಾಗೆ, ಇದರ ಮೂಲ ಚಿತ್ರ ಯಾವ ಮ್ಯೂಸಿಯಂನಲ್ಲಿದೆ?"
— ಶಿವಮೊಗ್ಗದ ಓದುಗರೊಬ್ಬರು

ನಮಸ್ಕಾರ. ಎರಡನೇ ಪ್ರಶ್ನೆ ಸುಲಭ, ಅದನ್ನೇ ಮೊದಲು ಮುಗಿಸುತ್ತೇನೆ. 'ಮೂಲ' ಅಂತ ಒಂದು ಚಿತ್ರ ಇಲ್ಲ. ಇದು ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಕಲ್ಲನ್ನು ಉಜ್ಜಿ ಮುಂದಿನ ಚಿತ್ರಕ್ಕೆ ಬಳಸುತ್ತಿದ್ದರು. ನಮ್ಮ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ.

ಇನ್ನು ನಿಮ್ಮ ಬೇಜಾರು. ಚಿತ್ರ ನೋಡದವರಿಗಾಗಿ ಹೇಳುತ್ತೇನೆ: ಒಬ್ಬಾಕೆ ಮೈಮರೆತು ಬರೆಯುತ್ತಿದ್ದಾಳೆ. ಅದೇ ಕೋಣೆಯ ತೊಟ್ಟಿಯೊಳಗೆ ಮಗು ತಲೆಕೆಳಗಾಗಿ ಬಿದ್ದಿದೆ. ತಾಯಿ ಬರವಣಿಗೆಯ ಬೆಂಕಿಯಲ್ಲಿ, ಮಗು ತೊಟ್ಟಿಯ ನೀರಿನಲ್ಲಿ ಅಂತ ಅಡಿಬರಹ. ಓದುಬರಹದ ಹೆಂಗಸರನ್ನು ಆಗ 'ನೀಲಿ ಕಾಲುಚೀಲದವರು' ಅಂತ ಅಣಕಿಸುತ್ತಿದ್ದರು. 1844ರಲ್ಲಿ ಪ್ಯಾರಿಸ್‌ನ 'ಶಾರಿವಾರಿ' ಪತ್ರಿಕೆಗೆ ಆ ಹೆಸರಿನಲ್ಲೇ ದೋಮಿಯೇ 40 ಚಿತ್ರ ಬರೆದ.

ಅವನ ಪರ ವಾದಿಸುವವರು ಒಂದು ಮಾತು ಹೇಳುತ್ತಾರೆ: ಅಡಿಬರಹಗಳನ್ನು ಹೆಚ್ಚಾಗಿ ಬರೆದವರು ಪತ್ರಿಕೆಯ ಬೇರೆಯವರು. ಅದು ನಿಜ. ಆದರೆ ಮಗುವನ್ನು ತೊಟ್ಟಿಗೆ ಹಾಕಿದ್ದು ಅವನ ಬಳಪವೇ ಅಲ್ವಾ? ಅಪ್ಪ ಎಲ್ಲಿ ಹೋಗಿದ್ದ ಅಂತ ಚಿತ್ರ ಕೇಳುವುದೇ ಇಲ್ಲ.

ನನಗೆ ಕಸಿವಿಸಿಯಾಗುವುದು ಇನ್ನೊಂದು ಕಾರಣಕ್ಕೆ. ಇದೇ ಮನುಷ್ಯ 1831ರಲ್ಲಿ ದೊರೆ ಲೂಯಿ ಫಿಲಿಪ್‌ನನ್ನು ಜನರ ದುಡ್ಡನ್ನು ಬುಟ್ಟಿಬುಟ್ಟಿ ನುಂಗುವ ದೈತ್ಯನಾಗಿ ಬರೆದಿದ್ದ. ಅದಕ್ಕೆ ಆರು ತಿಂಗಳ ಜೈಲು ಶಿಕ್ಷೆಯಾಯಿತು. 1835ರ ಕಾನೂನು ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ವ್ಯಂಗ್ಯಚಿತ್ರ ಅಚ್ಚು ಹಾಕುವಂತಿರಲಿಲ್ಲ. ಆಗ ಪತ್ರಿಕೆ ಮನೆ, ಬೀದಿ, ಕೋರ್ಟು, ಗಂಡ ಹೆಂಡಿರ ಜಗಳದ ಕಡೆ ತಿರುಗಿತು. ದೊರೆಯನ್ನು ನಗುವಂತಿಲ್ಲ, ಹೆಂಡತಿಯನ್ನು ನಗಬಹುದು! ಚಂದಾ ಕೊಡುವ ಗಂಡಸರಿಗೂ ಅದು ಹಿತವಾಗಿಯೇ ಇತ್ತು ಅನ್ನಿ.

ಆದರೆ ಅದೇ ಕೈ ಕೋರ್ಟಿಗೆ ಹೋದಾಗ ನೋಡಬೇಕು. ಹುಡುಗನಾಗಿದ್ದಾಗ ಅಮೀನರೊಬ್ಬರ ಕೈಕೆಳಗೆ ಓಡಾಡಿದವನು, ಕರಿಕೋಟುಗಳನ್ನು ಹತ್ತಿರದಿಂದ ಕಂಡವನು. ಒಂದು ಚಿತ್ರದಲ್ಲಿ ವಕೀಲ ಸೋತ ಕಕ್ಷಿದಾರಳಿಗೆ ಹೇಳುತ್ತಾನೆ: ಕೇಸು ಹೋಯಿತು ನಿಜ, ಆದರೆ ನನ್ನ ವಾದ ಕೇಳಿ ನಿಮಗೆ ಖುಷಿ ಆಗಿರಬೇಕು!

ಮುಂದಿನ ಸಂಚಿಕೆಗೆ ಅದನ್ನೇ ತೆಗೆದಿಟ್ಟಿದ್ದೇವೆ. ನೋಡಿ, ಬೈಯುವುದಿದ್ದರೆ ಮತ್ತೆ ಬರೆಯಿರಿ.

— ಸಂಪಾದಕ